ನಾಲ್ಕು ಎಕರೆ, ಒಂದು ಆಲೆಮನೆ ಮತ್ತು ಅಪ್ಪನ ಲೆಕ್ಕದ ಪುಸ್ತಕ

ನಿಮ್ಮ ತಾತ ಮಂಡ್ಯ ಕಡೆಯ ಹಳ್ಳಿಯಲ್ಲಿ ಜಮೀನು ಇಟ್ಟುಕೊಂಡು ಜೊತೆಗೆ ಸಣ್ಣದೊಂದು ವ್ಯಾಪಾರವನ್ನೂ ನಡೆಸುತ್ತಿದ್ದರು ಎಂದು ಕೇಳಿ ಬೆಳೆದಿದ್ದೀರಿ. ಅಂಥವರ ಜೀವನ, ಸಂಸಾರ ಹೇಗಿರುತ್ತಿತ್ತು, ಅವರು ನಿಜಕ್ಕೂ ಸ್ಥಿತಿವಂತರಾಗಿದ್ದರೇ ಎಂದು ಕೇಳಿದ್ದೀರಿ. ನಿಮ್ಮ ತಾತನನ್ನು ನಾನು ಬಲ್ಲವಳಲ್ಲ. ಆದರೆ ನನ್ನ ಅಪ್ಪ ಅಂಥವರೇ ಆಗಿದ್ದರು. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ಒಂದು ಹಳ್ಳಿಯಲ್ಲಿ ಅವರಿಗೆ ನಾಲ್ಕು ಎಕರೆ ಜಮೀನೂ, ಕಬ್ಬು ಅರೆದು ಬೆಲ್ಲ ಮಾಡುವ ಒಂದು ಆಲೆಮನೆಯೂ ಇದ್ದವು. ಅವರು ತೀರಿಕೊಂಡ ಮೇಲೆ ಅವರ ಲೆಕ್ಕದ ಪುಸ್ತಕಗಳು ನನ್ನ ಬಳಿಗೆ ಬಂದವು. ಅವುಗಳನ್ನು ಓದಿದ ಮೇಲೆ ನಮ್ಮ ಮನೆಯ ಬಗ್ಗೆ ನಾನು ತಿಳಿದುಕೊಂಡಿದ್ದ ಎಷ್ಟೋ ಸಂಗತಿಗಳು ಬೇರೆಯಾಗಿಯೇ ಕಂಡವು. ಆದ್ದರಿಂದ ನಮ್ಮ ಮನೆಯ ಕತೆಯನ್ನೇ ಉತ್ತರವಾಗಿ ಬರೆಯುತ್ತಿದ್ದೇನೆ.

ಮೊದಲು ಜಮೀನಿನ ಮಾತು. ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ನಾಲೆಗೆ ಹರಿದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಹುಟ್ಟಿದ ಮೇಲೆ ನಮ್ಮ ಕಡೆಯ ರಾಗಿ ಹೊಲಗಳು ಒಂದೊಂದಾಗಿ ಕಬ್ಬಿನ ಗದ್ದೆಗಳಾದವು. ನಮ್ಮ ತಾತನಿಗೆ ಒಂಬತ್ತೂವರೆ ಎಕರೆ ಇತ್ತು. ಊರಿನ ಲೆಕ್ಕದಲ್ಲಿ ಅದು ದೊಡ್ಡ ಹಿಡುವಳಿಯೇ, ಜನ ಅವರನ್ನು ಗೌಡ್ರು ಎಂದೇ ಕರೆಯುತ್ತಿದ್ದರು. ಅದರಲ್ಲಿ ಒಂದೂವರೆ ಎಕರೆ ಖುಷ್ಕಿಯನ್ನು (ಮಳೆ ನಂಬಿದ ಹೊಲ) ಇನ್ನೊಂದು ಮನೆಯವರು ಬಹುಕಾಲದಿಂದ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಗೇಣಿಗೆ, ಮಾಡಿಕೊಂಡಿದ್ದರು. 1974ರ ಮಾರ್ಚ್ 1ರಿಂದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು ಗೇಣಿ ಪದ್ಧತಿಯೇ ರದ್ದಾದಾಗ ಆ ಜಮೀನಿನ ಹಕ್ಕು ತಮಗೆ ಬೇಕೆಂದು ಅವರು ನಮೂನೆ 7ರಲ್ಲಿ ಅರ್ಜಿ ಕೊಟ್ಟರು. ಆ ಮನೆಯವರು ಬರೀ ಕೂಲಿಯವರು ಎಂದು ಹೇಳಿಬಿಡು ಎಂದು ತಾತ ಅಪ್ಪನಿಗೆ ಹೇಳಿದ್ದರಂತೆ. ಆದರೆ ಅಪ್ಪ ಭೂ ನ್ಯಾಯಮಂಡಳಿಯ ಮುಂದೆ, ಇಪ್ಪತ್ತು ವರ್ಷದಿಂದ ಉಳುತ್ತಿರುವವರು ಅವರೇ ಎಂದು ಹೇಳಿಕೆ ಕೊಟ್ಟು ಬಂದರು. ತಾತ ಒಂದು ವರ್ಷ ಮಗನೊಡನೆ ಮಾತಾಡಲಿಲ್ಲ. ಆ ಮನೆಯವರು ಇಂದಿಗೂ ನಮ್ಮ ಮನೆಯ ಮದುವೆ, ಸಾವುಗಳಿಗೆ ಮೊದಲು ಬರುವವರು. ಅಪ್ಪನ ಬದುಕಿನಲ್ಲಿ ನಾನು ಬಹಳ ಹೆಮ್ಮೆ ಪಡುವ ಕೆಲಸ ಇದು. ಉಳಿದ ಎಂಟು ಎಕರೆ 1984ರಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ಸಮನಾಗಿ ಹಂಚಿಹೋಯಿತು. ಆಲೆಮನೆಯನ್ನು ಅಪ್ಪ ಇಟ್ಟುಕೊಂಡು ಚಿಕ್ಕಪ್ಪನಿಗೆ ಅದರ ಅರ್ಧ ಬೆಲೆಯನ್ನು ಕಂತಿನಲ್ಲಿ ತೀರಿಸಿದರು.

ಜಮೀನಿದ್ದವನು ವ್ಯಾಪಾರಕ್ಕೆ ಏಕೆ ಇಳಿಯುತ್ತಾನೆ ಎಂಬುದು ಹೊರಗಿನವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಕಬ್ಬು ಹನ್ನೆರಡು ತಿಂಗಳ ಬೆಳೆ. ಕಾರ್ಖಾನೆಗೆ ಕೊಡುವುದಾದರೆ ಕಟಾವಿನ ಅಪ್ಪಣೆ ಬರುವವರೆಗೂ ಕಾಯಬೇಕು, ಕಾದಷ್ಟೂ ಗದ್ದೆಯಲ್ಲಿ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ಸಾಗಿಸಿದ ಮೇಲೂ ಹಣ ಯಾವಾಗ ಕೈಸೇರುತ್ತದೆ ಎಂಬ ಭರವಸೆ ಇರಲಿಲ್ಲ. ಆಲೆಮನೆಯಲ್ಲಾದರೆ ಇಂದು ಅರೆದ ಕಬ್ಬು ನಾಳೆ ಬೆಲ್ಲವಾಗಿ, ನಾಡಿದ್ದು ಮಂಡ್ಯದ ಮಾರುಕಟ್ಟೆಗೆ ಹೋಗಿ ಹಣವಾಗುತ್ತದೆ. ತಾತನ ಕಾಲಕ್ಕೆ ಎತ್ತಿನ ಗಾಣವಿತ್ತು. ಅಪ್ಪ 1972ರಲ್ಲಿ ಸಾಲ ಮಾಡಿ ಮೂರು ಉರುಳೆಗಳ ಕಬ್ಬಿಣದ ಗಾಣಕ್ಕೆ ಎಣ್ಣೆ ಎಂಜಿನ್ ಕೂರಿಸಿದರು, ಆಮೇಲೆ ಕರೆಂಟಿನ ಮೋಟರು ಬಂತು.

ಆದರೆ ಗಾಣ ಒಮ್ಮೆ ಬಂದಿತೆಂದರೆ ಅದರ ಹೊಟ್ಟೆ ತುಂಬಿಸಬೇಕು. ನಮ್ಮ ಆಲೆಮನೆಯಲ್ಲಿ ಕರೆಂಟು ಕೈಕೊಡದ ದಿನ ನಾಲ್ಕು ಕೊಪ್ಪರಿಗೆ (ರಸ ಕಾಯಿಸುವ ದೊಡ್ಡ ಬಾಣಲೆ) ಬೆಲ್ಲ ಇಳಿಯುತ್ತಿತ್ತು. ಅದಕ್ಕೆ ಸುಮಾರು ನಾಲ್ಕು ಟನ್ ಕಬ್ಬು ಬೇಕು, ಟನ್ನಿಗೆ 100 ಕೆಜಿಯ ಆಸುಪಾಸು ಬೆಲ್ಲ ಬರುತ್ತದೆ. ನಮ್ಮ ನಾಲ್ಕು ಎಕರೆಯಲ್ಲಿ ಒಂದು ಎಕರೆ ಖುಷ್ಕಿ, ಒಂದು ಎಕರೆ ಮನೆಯ ಊಟದ ಭತ್ತಕ್ಕೆ. ಕಬ್ಬಿಗೆ ಸಿಗುತ್ತಿದ್ದುದು ಎರಡೇ ಎಕರೆ. ಎಕರೆಗೆ 40 ಟನ್ ಎಂದು ಹಿಡಿದರೂ ಸ್ವಂತ ಕಬ್ಬು ಇಪ್ಪತ್ತು ದಿನಕ್ಕೆ ಮುಗಿದುಹೋಗುತ್ತಿತ್ತು. ಉಳಿದ ಐದಾರು ತಿಂಗಳು ಊರಿನವರ ಕಬ್ಬು ಕೊಂಡೋ, ಅವರ ಕಬ್ಬನ್ನು ಬಾಡಿಗೆಗೆ ಅರೆದುಕೊಟ್ಟೋ ಗಾಣ ನಡೆಸಬೇಕಾಗಿತ್ತು. ಊರಿನವರ ಕಬ್ಬು ನಮ್ಮಲ್ಲಿಗೇ ಬರಬೇಕಾದರೆ ನಾಟಿಯ ಹೊತ್ತಿಗೆ ಗೊಬ್ಬರಕ್ಕೆ, ಮಗಳ ಮದುವೆಗೆ, ಆಸ್ಪತ್ರೆಗೆ ಎಂದು ಅವರಿಗೆ ಮುಂಗಡ ಕೊಟ್ಟಿರಬೇಕು. ಅಪ್ಪನ ಕೈಯಲ್ಲಿ ಅಷ್ಟು ದುಡ್ಡು ಎಲ್ಲಿಯದು? ಅದನ್ನು ಮಂಡ್ಯದ ಬೆಲ್ಲದ ಮಂಡಿಯವರು ಕೊಡುತ್ತಿದ್ದರು. ಅವರ ಮುಂಗಡ ಪಡೆದ ಮೇಲೆ ನಮ್ಮ ಬೆಲ್ಲ ಬೇರೆ ಮಂಡಿಗೆ ಹೋಗುವಂತಿರಲಿಲ್ಲ. ಅವರು ಕೂಗಿದ್ದೇ ಬೆಲೆ, ಅದರಲ್ಲಿ ಕಮಿಷನ್, ಹಮಾಲಿ, ತೂಕದ ಕಡಿತ ಎಲ್ಲ ಹೋಗಿ ಉಳಿದದ್ದು ನಮ್ಮದು. ಊರಿನಲ್ಲಿ ಸಾಲ ಕೊಡುವ ಗೌಡರಾಗಿದ್ದ ಅಪ್ಪ, ಮಂಡ್ಯಕ್ಕೆ ಹೋದರೆ ಸಾಲಗಾರ. ಪುಸ್ತಕದ ಎಡಗಡೆಯ ಪುಟದಲ್ಲಿ ಊರಿನವರು ಅಪ್ಪನಿಗೆ ಕೊಡಬೇಕಾದದ್ದು, ಬಲಗಡೆಯಲ್ಲಿ ಅಪ್ಪ ಮಂಡಿಗೆ ಕೊಡಬೇಕಾದದ್ದು ಇದೆ. ಮೂವತ್ತು ವರ್ಷದ ಪುಸ್ತಕಗಳಲ್ಲಿ ಬಲಗಡೆಯ ಸಾಲ ಪೂರ್ತಿ ತೀರಿಸಿ ಹೊಡೆದುಹಾಕಿದ ವರ್ಷಗಳು ನಾಲ್ಕೇ ನಾಲ್ಕು.

ಹೀಗಾಗಿ ಸ್ಥಿತಿವಂತರಾಗಿದ್ದರೇ ಎಂಬ ನಿಮ್ಮ ಪ್ರಶ್ನೆಗೆ ಒಂದೇ ಮಾತಿನಲ್ಲಿ ಹೌದು, ಇಲ್ಲ ಎನ್ನಲಾರೆ. ನಮ್ಮ ಮನೆಯಲ್ಲಿ ಅನ್ನಕ್ಕೆ ಕೊರತೆ ಬಂದದ್ದಿಲ್ಲ. ಊರಿನ ಅರ್ಧ ಮನೆಗಳಲ್ಲಿ ಹಬ್ಬಕ್ಕಷ್ಟೇ ಅನ್ನವಾಗುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹೆಂಚಿನ ತೊಟ್ಟಿಮನೆ, ಎರಡು ಜೊತೆ ಎತ್ತು, ಎಮ್ಮೆ ಇದ್ದವು. ಆದರೆ ನನಗೆ ಹೈಸ್ಕೂಲಿಗೆ ಎರಡನೇ ಜೊತೆ ಯೂನಿಫಾರಂ ಹೊಲಿಸಲು ಅವ್ವ ಸಂಕ್ರಾಂತಿಯವರೆಗೆ ಕಾಯಬೇಕಾಗಿತ್ತು. ಎಳ್ಳು ಬೆಲ್ಲದ ಕಾಲಕ್ಕೆ ಬೆಲ್ಲದ ಬೆಲೆ ಸ್ವಲ್ಪ ಏರುತ್ತಿತ್ತು, ಆಗ ಮಾತ್ರ ಕೈಯಲ್ಲಿ ಕಾಸು ಆಡುತ್ತಿತ್ತು.

ಆಲೆಮನೆಯ ದಿನ ಹೇಗಿರುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮ ಸಂಸಾರ ನಿಜವಾಗಿ ನಡೆದದ್ದು ಮನೆಯಲ್ಲಲ್ಲ, ಅಲ್ಲಿ. ಬೆಳಗಿನ ಜಾವ ಮೂರಕ್ಕೆ ಗಾಣ ಶುರುವಾಗುತ್ತಿತ್ತು. ಒಬ್ಬ ಗಾಣಕ್ಕೆ ಕಬ್ಬು ಕೊಡುತ್ತಾನೆ, ಇನ್ನೊಬ್ಬ ಆ ಕಡೆ ಬರುವ ಸಿಪ್ಪೆಯನ್ನು ಎಳೆಯುತ್ತಾನೆ. ಅದನ್ನು ನಮ್ಮ ಕಡೆ ರಚ್ಚು ಎನ್ನುತ್ತಾರೆ. ರಚ್ಚನ್ನು ಕಣದಲ್ಲಿ ಹರಡಿ ಒಣಗಿಸಿದರೆ ಅದೇ ಒಲೆಗೆ ಸೌದೆ. ಕೊಪ್ಪರಿಗೆಯಲ್ಲಿ ಹಾಲು ಕಾಯುತ್ತಿದ್ದಂತೆ (ಕಬ್ಬಿನ ರಸಕ್ಕೆ ನಮ್ಮಲ್ಲಿ ಹಾಲು ಎಂದೇ ಹೆಸರು) ಸುಣ್ಣದ ತಿಳಿ, ಜಜ್ಜಿದ ಬೆಂಡೆಗಿಡದ ಲೋಳೆ ಹಾಕುತ್ತಾರೆ. ಮಡ್ಡಿ ಮೇಲೆ ಬರುತ್ತದೆ, ಅದನ್ನು ಜಾಲರಿಯಲ್ಲಿ ತೆಗೆಯಬೇಕು. ಎರಡೂವರೆ, ಮೂರು ಗಂಟೆ ಕುದಿದ ಮೇಲೆ ಪಾಕದ ಹದ ನೋಡುವ ಹೊತ್ತು ಬರುತ್ತದೆ. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಒಂದು ನಿಮಿಷ ಮುಂಚೆ ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ, ಒಂದು ನಿಮಿಷ ತಡವಾದರೆ ಕಪ್ಪಾಗುತ್ತದೆ. ಈ ಹದ ನೋಡುವುದಕ್ಕೆ ಕೂಲಿಗಿಂತ ಹೆಚ್ಚಿನ ಸಂಬಳದ ಆಳೊಬ್ಬರಿದ್ದರು. ಅವರು ಬಾರದ ದಿನ ಹದ ನೋಡುತ್ತಿದ್ದವಳು ನನ್ನ ಅವ್ವ. ಅವ್ವನ ಹದ ತಪ್ಪಿದ್ದನ್ನು ನಾನು ಕಂಡಿಲ್ಲ. ಆದರೂ ಮಂಡಿಯಲ್ಲಿ ಅಪ್ಪ, ಇದು ಇಂಥವರ ಕೈಯ ಬೆಲ್ಲ ಎಂದು ಆಳಿನ ಹೆಸರನ್ನೇ ಹೇಳುತ್ತಿದ್ದರು.

ಆಲೆಮನೆಗೆ ಯಾರೇ ಬರಲಿ, ದಾರಿಹೋಕನೇ ಆಗಲಿ, ಕುಡಿಯುವಷ್ಟು ಹಾಲು, ಕಬ್ಬಿನ ತುಂಡಿನ ತುದಿಗೆ ಅಂಟಿಸಿದ ಬಿಸಿ ಬೆಲ್ಲ ಕೊಡಲೇಬೇಕು. ಅದಕ್ಕೆ ಕಾಸು ಕೇಳುವುದೆಂದರೆ ಮರ್ಯಾದೆಗೇಡು. ಶಾಲೆ ಬಿಟ್ಟ ಮಕ್ಕಳೆಲ್ಲ ನಮ್ಮ ಆಲೆಮನೆಯಲ್ಲೇ ಇರುತ್ತಿದ್ದರು. ಮಂಡಿಯ ಸಾಲ ಕತ್ತಿನವರೆಗೆ ಇದ್ದ ವರ್ಷದಲ್ಲೂ ಅಪ್ಪ ಯಾರನ್ನೂ ಬರಿಗೈಯಲ್ಲಿ ಕಳಿಸಿದವರಲ್ಲ.

ಅಕ್ಕನ ವಿಷಯಕ್ಕೆ ಬರುತ್ತೇನೆ. ನಾವು ನಾಲ್ವರು ಮಕ್ಕಳು: ಅಕ್ಕ, ಅಣ್ಣ, ನಾನು, ತಮ್ಮ. ಅಕ್ಕ ಐದನೇ ಕ್ಲಾಸಿಗೆ ಶಾಲೆ ಬಿಟ್ಟಳು. ಆಲೆಮನೆಗೆ ಎಂಜಿನ್ ಬಂದು ಕೆಲಸ ಹೆಚ್ಚಿದ ಕಾಲವದು. ರಚ್ಚು ಹರಡುವುದಕ್ಕೆ, ಮಳೆ ಬಂದರೆ ಓಡಿಹೋಗಿ ಒಟ್ಟುವುದಕ್ಕೆ, ಆಳುಗಳಿಗೆ ಬುತ್ತಿ ಹೊರುವುದಕ್ಕೆ ಒಂದು ಜೀವ ಬೇಕಾಗಿತ್ತು. ಹತ್ತನೆಯ ವಯಸ್ಸಿನಿಂದ 1989ರಲ್ಲಿ ಮದುವೆಯಾಗುವವರೆಗೂ ಆ ಜೀವ ಅಕ್ಕನದಾಗಿತ್ತು. ಅವಳ ಎಡ ಮುಂಗೈ ಮೇಲೆ ಪಾಕ ಸಿಡಿದ ಗುರುತು ಈಗಲೂ ಇದೆ. ಅವಳ ದುಡಿಮೆಯಿಂದ ಉಳಿದ ಒಂದಾಳಿನ ಕೂಲಿಯಲ್ಲಿ ನಾನು ಮೈಸೂರಿನಲ್ಲಿ ಓದಿದೆ ಎಂದು ಹೇಳಿದರೆ ತಪ್ಪಾಗುವುದಿಲ್ಲ. ಆಗ ನನಗೆ ಅದು ತಿಳಿದಿರಲಿಲ್ಲ, ತಿಳಿಯುವ ವಯಸ್ಸಾದ ಮೇಲೂ ನಾನು ಕೇಳಿಕೊಳ್ಳಲಿಲ್ಲ.

1987ರ ಬೇಸಿಗೆಯಲ್ಲಿ ಒಂದು ಅವಘಡವಾಯಿತು. ಗಾಣಕ್ಕೆ ಕಬ್ಬು ಕೊಡುತ್ತಿದ್ದ ಹುಡುಗನ ಬಲಗೈ ಉರುಳೆಗೆ ಸಿಕ್ಕಿತು. ನಾಲ್ಕು ಬೆರಳು ಹೋದವು. ರಾತ್ರಿಯೆಲ್ಲ ನಿದ್ದೆಗೆಟ್ಟು ಬೆಳಗಿನ ಜಾವಕ್ಕೆ ಗಾಣದ ಮುಂದೆ ಕೂರಿಸಿದ್ದು ನಮ್ಮ ತಪ್ಪು, ಅದನ್ನು ಮುಚ್ಚಿಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಅಪ್ಪ ಆಸ್ಪತ್ರೆಯ ಖರ್ಚನ್ನೆಲ್ಲ ಕೊಟ್ಟರು, ಆ ಹುಡುಗನಿಗೆ ಎರಡು ಎಮ್ಮೆ ಕೊಡಿಸಿದರು. ವಿಮೆ ಎಂಬುದು ಊರಿನ ಯಾವ ಆಲೆಮನೆಯಲ್ಲೂ ಇರಲಿಲ್ಲ. ಆ ವರ್ಷದ ಪುಸ್ತಕದಲ್ಲಿ ಆ ದಿನದ ಪುಟ ಖಾಲಿ ಇದೆ. ಮರುದಿನದಿಂದ ಕಬ್ಬು ಕೊಡುವ ಕಡೆ ಅಪ್ಪ ತಾವೇ ಕೂರಲು ಶುರುಮಾಡಿದರು, ಗಾಣ ನಿಲ್ಲುವವರೆಗೂ ಕೂತರು.

ತೊಂಬತ್ತರ ದಶಕಕ್ಕೆ ಮಾರುಕಟ್ಟೆ ಬದಲಾಯಿತು. ಹೊಂಬಣ್ಣದ ಬೆಲ್ಲಕ್ಕೆ ಹೆಚ್ಚಿನ ಬೆಲೆ, ಕಂದು ಬೆಲ್ಲಕ್ಕೆ ಕಡಿಮೆ ಎಂದಾದಾಗ ಎಲ್ಲರೂ ಹೈಡ್ರೋಸ್ ಎಂಬ ಬಿಳಿಪುಡಿ ಹಾಕತೊಡಗಿದರು. ಒಂದು ಹಿಡಿ ಹಾಕಿದರೆ ಸಾಕು, ಪಾಕ ಕಣ್ಣ ಮುಂದೆಯೇ ತಿಳಿಯಾಗುತ್ತದೆ. ಆದರೆ ಕೆಲವು ತಿಂಗಳಲ್ಲಿ ಆ ಬೆಲ್ಲ ಮತ್ತೆ ಕಪ್ಪಾಗುತ್ತದೆ, ಅಷ್ಟು ಹೊತ್ತಿಗೆ ಅದು ಕೊಂಡವರ ಡಬ್ಬದಲ್ಲಿರುತ್ತದೆ. ಅಪ್ಪ ಎರಡು ವರ್ಷ ತಡೆದರು, ಮೂರನೇ ವರ್ಷ ಹಾಕಿದರು. ಮನೆಗೆಂದು ಮಾತ್ರ ಅವ್ವ ಬೆಂಡೆ ಲೋಳೆಯ ಒಂದು ಕೊಪ್ಪರಿಗೆಯನ್ನು ಬೇರೆ ಇಳಿಸುತ್ತಿದ್ದಳು. ನಾವು ತಿನ್ನದ್ದನ್ನು ಮಾರಿದೆವು ಎಂಬ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ. ಆದರೆ ಬೆಲೆ ಕಟ್ಟುವವರು ಬಣ್ಣವನ್ನಷ್ಟೇ ನೋಡುತ್ತಿದ್ದಾಗ ಮುಂಗಡದ ಸಾಲ ಹೊತ್ತ ಒಬ್ಬ ಸಣ್ಣ ಆಲೆಮನೆಯವನು ಎಷ್ಟು ದಿನ ಒಂಟಿಯಾಗಿ ನಿಲ್ಲಬಲ್ಲ ಎಂಬುದನ್ನೂ ನಾನು ಬಲ್ಲೆ.

ಇನ್ನು ಪಾಲಿನ ವಿಷಯ. ಇದನ್ನು ಸ್ವಲ್ಪ ಗಮನವಿಟ್ಟು ಓದಿ, ನಿಮ್ಮ ಮನೆಯ ಕಾಗದಗಳನ್ನು ತೆಗೆದು ನೋಡುವಾಗ ಉಪಯೋಗಕ್ಕೆ ಬರಬಹುದು. 1999ರಲ್ಲಿ, ಅಣ್ಣ ತಮ್ಮಂದಿರ ಒತ್ತಾಯಕ್ಕೆ, ಅಪ್ಪ ವಿಭಾಗಪತ್ರ ಮಾಡಿಸಿ ನೋಂದಣಿ ಮಾಡಿಸಲು ಒಪ್ಪಿದರು. ಪತ್ರ ಬರೆಯುವವರು ಕಾಗದಗಳನ್ನೆಲ್ಲ ನೋಡಿ, ಚಿಕ್ಕ ಮಗಳ ಸಹಿ ಬೇಕು, ದೊಡ್ಡ ಮಗಳದ್ದು ಬೇಡ ಎಂದರು. ನಮಗಾರಿಗೂ ಅರ್ಥವಾಗಲಿಲ್ಲ. ಅವರು ವಿವರಿಸಿದ್ದು ಹೀಗೆ: ಕರ್ನಾಟಕ ಸರ್ಕಾರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು, 1994ರ ಜುಲೈ 30ರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆ ಹುಟ್ಟಿನಿಂದ ಹಕ್ಕು ಕೊಟ್ಟಿತು. ಆದರೆ ಆ ತಿದ್ದುಪಡಿಗೆ ಮುಂಚೆಯೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ನನ್ನ ಮದುವೆ 1996ರಲ್ಲಿ, ಆದ್ದರಿಂದ ನನಗೆ ಹಕ್ಕಿತ್ತು. ಅಕ್ಕನದು 1989ರಲ್ಲಿ, ಆದ್ದರಿಂದ ಇರಲಿಲ್ಲ. ಆಲೆಮನೆಯಲ್ಲಿ ಹದಿನೈದು ವರ್ಷ ಮೈಮುರಿದು ದುಡಿದವಳು ಹೊರಗೆ, ರಜಕ್ಕೆ ಬಂದು ಬಿಸಿ ಬೆಲ್ಲ ತಿಂದು ಹೋಗುತ್ತಿದ್ದವಳು ಒಳಗೆ.

ಆ ದಿನ ಅಕ್ಕನೂ ಊರಿಗೆ ಬಂದಿದ್ದಳು. ನಾವೆಲ್ಲ ನಡುಮನೆಯಲ್ಲಿ ಕೂತು ಪತ್ರ ಓದಿಸಿಕೊಳ್ಳುತ್ತಿದ್ದರೆ ಅವಳು ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅವ್ವ ಅಡುಗೆಮನೆಯಿಂದ ಬಂದು, “ಸೈನು ಬ್ಯಾಡ್ದಿದ್ರೆ ಬ್ಯಾಡ, ಅವ್ಳನ್ನೂ ಕರ್ದು ಒಳೀಕ್ಕೆ ಕೂರುಸ್ಕೊಳಿ. ಅವಳೇನು ನೆಂಟ್ರಾ?” ಎಂದಳು. ಅಪ್ಪ ತಲೆ ತಗ್ಗಿಸಿದರು. ಅಣ್ಣ ಹೋಗಿ ಕರೆದ. ಅಕ್ಕ ಬಂದು ಗೋಡೆಗೆ ಒರಗಿ ಕೂತಳು, ಒಂದು ಮಾತೂ ಆಡಲಿಲ್ಲ. ಅಪ್ಪ ಒಂದು ಎಕರೆಯನ್ನೂ ಆಲೆಮನೆಯನ್ನೂ ತಮಗಿಟ್ಟುಕೊಂಡರು, ಗಂಡುಮಕ್ಕಳಿಗೆ ಒಂದೂವರೆ ಎಕರೆಯಂತೆ ಬಂತು. ನನಗೆ ಅರಿಶಿನ ಕುಂಕುಮಕ್ಕೆಂದು ಒಂದು ಮೊತ್ತ ಕೊಟ್ಟರು, ನಾನು ಜಮೀನಿನ ಹಕ್ಕು ಬಿಟ್ಟುಕೊಟ್ಟು ಸಹಿ ಮಾಡಿದೆ. ತವರಿನ ಬಾಂಧವ್ಯ ಉಳಿಯಲಿ ಎಂದು ನನಗೆ ನಾನೇ ಹೇಳಿಕೊಂಡೆ. ಆ ಹಣದಲ್ಲಿ ಅರ್ಧ ಅಕ್ಕನದು ಎಂದು ಅಂದೇ ಹೇಳಬೇಕಾಗಿತ್ತು. ಹೇಳಲಿಲ್ಲ. ಅದು ನಾನು ಮಾಡಿದ ಅನ್ಯಾಯ, ಅದಕ್ಕೆ ಕಾನೂನಿನ ಮೇಲೆ ಹೊಣೆ ಹೊರಿಸಲಾರೆ.

ಮುಂದೆ 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಜಾರಿಗೆ ಬಂದು ಮದುವೆಯ ದಿನಾಂಕದ ತೊಡಕು ಹೋಯಿತು. 2020ರ ಆಗಸ್ಟ್ 11ರ ವಿನೀತಾ ಶರ್ಮಾ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಮಗಳಿಗೆ ಈ ಹಕ್ಕು ಸಿಗಲು ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದೂ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗಪತ್ರಗಳನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ನಮ್ಮದು ಆ ಗುಂಪಿಗೆ ಸೇರಿದ್ದು. ಆದ್ದರಿಂದ ನಿಮ್ಮ ಮನೆಯ ಕಾಗದಗಳನ್ನು ನೋಡುವಾಗ ಬರೀ ಪಹಣಿ ನೋಡಿ ಬಿಡಬೇಡಿ. ಪಾಲುಪಟ್ಟಿ ಊರಿನ ಪಂಚಾಯ್ತಿಯಲ್ಲಿ ಬರೆದುಕೊಂಡದ್ದೇ, ನೋಂದಣಿಯಾದದ್ದೇ, ಯಾವ ದಿನಾಂಕದ್ದು, ಯಾವ ಹೆಣ್ಣುಮಕ್ಕಳ ಸಹಿ ಇದೆ, ಯಾರದ್ದು ಇಲ್ಲ ಎಂಬುದನ್ನು ನೋಡಿ. ಸಹಿ ಇಲ್ಲದವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿ. ನಿಮ್ಮ ತಾತನ ವ್ಯಾಪಾರದ ನಿಜವಾದ ಕತೆ ಅವರ ಬಳಿ ಇರುವ ಸಾಧ್ಯತೆ ಹೆಚ್ಚು.

ಗಾಣ ನಿಂತದ್ದು 2003ರಲ್ಲಿ. ಮೂರು ವರ್ಷ ಸತತವಾಗಿ ಬರ. ಕಟ್ಟೆ ತುಂಬಿದ ಮಟ್ಟವಾದ 124.80 ಅಡಿಯ ಗುರುತು ದೂರದ ಮಾತಾಯಿತು, ನಾಲೆಗೆ ಸರದಿಯಂತೆ ಕಟ್ಟು ನೀರು ಬಿಟ್ಟರೂ ಕೊನೆಯ ಗದ್ದೆಗಳಿಗೆ ಮುಟ್ಟಲಿಲ್ಲ. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯ ಮುಂದೆ ಅಣ್ಣ ತಮ್ಮಂದಿರೇ ಗುದ್ದಲಿ ಹಿಡಿದು ನಿಂತ ರಾತ್ರಿಗಳವು. ಮುಂಗಡ ಪಡೆದವರ ಕಬ್ಬು ಗದ್ದೆಯಲ್ಲೇ ಒಣಗಿತು. ಅವರ ಬಳಿ ಹೋಗಿ ಹಣ ಕೇಳಲು ಅಪ್ಪನಿಗೆ ಬಾಯಿ ಬರಲಿಲ್ಲ, ಆದರೆ ಮಂಡಿಯವರಿಗೆ ಅಪ್ಪನನ್ನು ಕೇಳಲು ಬಂತು. ತಮ್ಮ ಪಾಲಿನ ಒಂದು ಎಕರೆಯನ್ನು ಮಾರಿ ಅಪ್ಪ ಬಲಗಡೆಯ ಪುಟವನ್ನು ಕೊನೆಯ ಸಲ ಹೊಡೆದುಹಾಕಿದರು. ಎಡಗಡೆಯ ಪುಟದಲ್ಲಿ ಹದಿನೇಳು ಜನರ ಹೆಸರು ಹಾಗೆಯೇ ಉಳಿದಿವೆ. ಅವರಲ್ಲಿ ಆರು ಮಂದಿ ಆಮೇಲೆ ತಾವಾಗಿಯೇ ಬಂದು ಕೊಟ್ಟರು, ಒಬ್ಬರು ಅಪ್ಪ ಸತ್ತ ಹನ್ನೊಂದನೆಯ ದಿನ ಬಂದು ಅವ್ವನ ಕೈಗೆ ಕೊಟ್ಟರು.

ಈಗ ಆ ಆಲೆಮನೆಯನ್ನು ಗುತ್ತಿಗೆಗೆ ಹಿಡಿದವರು ಬೇರೆ. ನಮ್ಮ ಸುತ್ತಲಿನ ಎಷ್ಟೋ ಆಲೆಮನೆಗಳಂತೆ ಅಲ್ಲಿಯೂ ಉತ್ತರ ಪ್ರದೇಶ, ಬಿಹಾರದಿಂದ ಬಂದ ಆಳುಗಳು ದುಡಿಯುತ್ತಾರೆ, ಹೆಂಡತಿ ಮಕ್ಕಳೊಂದಿಗೆ ಅಲ್ಲೇ ಗುಡಿಸಲು ಹಾಕಿಕೊಂಡಿದ್ದಾರೆ. ಕಳೆದ ಸಲ ಹೋದಾಗ ಹತ್ತು ಹನ್ನೊಂದರ ಹುಡುಗಿಯೊಬ್ಬಳು ರಚ್ಚು ಹರಡುತ್ತಿದ್ದಳು. ಶಾಲೆಗೆ ಸೇರಿಸಿದ್ದೀರಾ ಎಂದು ಕೇಳಿದೆ, ಅವಳ ಅಪ್ಪ ನಕ್ಕು ತಲೆಯಾಡಿಸಿದರು, ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ. ಅಣ್ಣನಿಗೆ ಹೇಳಿ ಊರಿನ ಶಾಲೆಯ ಮೇಷ್ಟ್ರನ್ನು ಅಲ್ಲಿಗೆ ಕಳಿಸಿದ್ದೇನೆ.

ಪುಸ್ತಕಗಳ ಮಾತು ಹೇಳಿ ಮುಗಿಸುತ್ತೇನೆ. ಅವುಗಳಲ್ಲಿ ಪ್ರತಿ ಆಳಿನ ಹೆಸರು, ಪ್ರತಿ ದಿನದ ಕೂಲಿ ಇದೆ. ಎತ್ತಿನ ಲಾಳಕ್ಕೆ, ಗಾಣದ ಗ್ರೀಸಿಗೆ ಕೊಟ್ಟ ಚಿಲ್ಲರೆ ಸಹ ಇದೆ. ಅವ್ವನ ಹೆಸರು ಎಲ್ಲಿಯೂ ಇಲ್ಲ. ಅಕ್ಕನ ಹೆಸರು ಒಂದೇ ಒಂದು ಕಡೆ, 1981ರ ಸಂಕ್ರಾಂತಿಯ ಹಿಂದಿನ ದಿನ, ಖರ್ಚಿನ ಕಡೆಯಲ್ಲಿದೆ: ದೊಡ್ಡ ಮಗಳಿಗೆ ಬಳೆ, 4 ರೂಪಾಯಿ 50 ಪೈಸೆ. ಕಳೆದ ವರ್ಷ ಆ ಪುಟವನ್ನು ಅಕ್ಕನಿಗೆ ತೋರಿಸಿದೆ. ಅವಳಿಗೆ ಓದಲು ಸ್ವಲ್ಪ ಹೊತ್ತು ಬೇಕಾಯಿತು. ಓದಿ, “ಹಸ್ರು ಬಳೆ ಕಣೆ, ಗಾಜಿಂದು. ರಚ್ಚು ಎಳಿವಾಗ ಎಲ್ಡೇ ದಿನಕ್ಕೆ ಒಡ್ದೋದ್ವು” ಎಂದಳು. 1999ರ ಹಣದ ಅರ್ಧವನ್ನು ಈ ಇಪ್ಪತ್ತೈದು ವರ್ಷದ ಬಡ್ಡಿ ಸೇರಿಸಿ ಅಂದು ಅವಳ ಕೈಗೆ ಕೊಟ್ಟೆ. ಬೇಡವೆಂದು ಬಹಳ ಹೊತ್ತು ತಳ್ಳಿದಳು, ಆಮೇಲೆ ತೆಗೆದುಕೊಂಡಳು.